ಅಂಗೈಯಗಲದ ಚಿತ್ರ, ಅದನ್ನು ಬರೆದ ಕೈ

(ಮೈಸೂರಿನಲ್ಲಿ ಕಲಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೂ ಕಿರಿಯ ಮಿತ್ರರಿಗೂ ನಮಸ್ಕಾರ.

ಮೈಸೂರಿನಲ್ಲಿ ಚಿತ್ರಕಲೆಯ ಮಾತು ಬಂದರೆ ನಮ್ಮ ಮನಸ್ಸು ನೇರವಾಗಿ ಜಗನ್ಮೋಹನ ಅರಮನೆಗೆ ಹೋಗುತ್ತದೆ. ಅಲ್ಲಿರುವ ರವಿವರ್ಮನ ತೈಲಚಿತ್ರಗಳು, ಎಸ್. ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣುಮಗಳು, ಚಿನ್ನದ ರೇಕು ಹೊದ್ದ ಮೈಸೂರು ಶೈಲಿಯ ದೇವತಾಚಿತ್ರಗಳು ಇವುಗಳ ಕುರಿತು ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ಸಭೆಯಲ್ಲೇ ಇದ್ದಾರೆ. ನಾನು ಈ ದಿನ ಆರಿಸಿಕೊಂಡಿರುವುದು ಅಂಗೈಯಗಲದ ಚಿತ್ರಗಳನ್ನು. ಕೊಡೆ ಹಿಡಿದು ಸಂತೆಗೆ ಹೊರಟ ಈರನಗೆರೆ ಬದನೆಕಾಯಿ, ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿರುವ ನಂದಿ, ಮಳೆ ನಿಲ್ಲಲೆಂದು ಬಸ್ ನಿಲ್ದಾಣದಲ್ಲಿ ಮನುಷ್ಯರೊಡನೆ ಕಾಯುತ್ತಿರುವ ಕಪ್ಪೆಗಳ ಸಂಸಾರ. ಇಂಥ ಲಹರಿಯ ಚಿತ್ರಗಳನ್ನು ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ತಾವೇ ಮೇಜು ಹಾಕಿಕೊಂಡು ಮಾರುವ ಸ್ವತಂತ್ರ ಕಲಾವಿದರು ನಮ್ಮ ನಡುವೆ ಇದ್ದಾರೆ. ಅವರ ಬೆನ್ನಿಗೆ ಗ್ಯಾಲರಿಯಾಗಲಿ ಪ್ರಕಾಶನ ಸಂಸ್ಥೆಯಾಗಲಿ ಇಲ್ಲ. ಅವರನ್ನು ಹುಡುಕಿಕೊಳ್ಳುವುದು ಹೇಗೆ, ಅವರ ಕೆಲಸವನ್ನು ನೋಡುವುದು ಹೇಗೆ ಎಂಬುದೇ ಈ ಮಾತಿನ ವಿಷಯ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಲಹರಿಯ ಚಿತ್ರ ನಮ್ಮ ಸೀಮೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಅದು ಅರಮನೆಯ ಗೋಡೆಯ ಮೇಲೂ ಇತ್ತು, ಬಜಾರಿನ ಅಂಗಡಿಯಲ್ಲೂ ಇತ್ತು. ನಾವು ಕಳೆದುಕೊಳ್ಳುತ್ತ ಬಂದದ್ದು ಅದನ್ನು ಬರೆದವರ ಹೆಸರುಗಳನ್ನು. ಆದ್ದರಿಂದ ನಮ್ಮ ಹುಡುಕಾಟ ಚಿತ್ರ ಸಿಕ್ಕಿದ ಕೂಡಲೇ ಮುಗಿಯದೆ, ಚಿತ್ರ ಬರೆದವರನ್ನು ತಲುಪಿದ ಮೇಲೆ ಮುಗಿಯಬೇಕೆಂದು ನಾನು ಬಲವಾಗಿ ನಂಬಿದ್ದೇನೆ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನಿಂದ ತೊಡಗೋಣ. ಟಿಪ್ಪು ಸುಲ್ತಾನನ ಈ ಬೇಸಿಗೆ ಅರಮನೆ 1784ರದು. ಅದರ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ದೂರ ನಿಂತು ನೋಡುವವರಿಗೆ ಅದು ಕುದುರೆ, ಆನೆ, ಈಟಿ, ಕತ್ತಿಗಳ ಒಂದು ಗೊಂದಲದಂತೆ ಕಾಣುತ್ತದೆ; ಬಹುಪಾಲು ಪ್ರವಾಸಿಗರು ಹಾಗೆಯೇ ನೋಡಿ ಮುಂದೆ ಹೋಗುತ್ತಾರೆ. ಆದರೆ ಇಂಗ್ಲಿಷ್ ಸೈನಿಕರು ಚೌಕಾಕಾರವಾಗಿ ಸುತ್ತುಗಟ್ಟಿ ನಿಂತಿರುವ ಜಾಗದ ಒಳಗೆ ಕಣ್ಣು ಹಾಯಿಸಿದರೆ, ಪಲ್ಲಕ್ಕಿಯಲ್ಲಿ ಅವರ ನಾಯಕ ಕರ್ನಲ್ ಬೇಲಿ (Baillie) ಕುಳಿತಿರುವುದು ಕಾಣುತ್ತದೆ. ಅವನು ಬೆರಳನ್ನು ಬಾಯಿಗಿಟ್ಟು ಕಚ್ಚಿಕೊಳ್ಳುತ್ತಿದ್ದಾನೆ. ಮೇಲುಗಡೆ ಅವನ ಮದ್ದುಗುಂಡಿನ ಗಾಡಿ ಸಿಡಿದು ಹೋಗುತ್ತಿದೆ; ಟಿಪ್ಪುವಿನ ಕಡೆಯ ಫ್ರೆಂಚ್ ಸೇನಾನಿ ದುರ್ಬೀನು ಹಿಡಿದು ಆ ದೃಶ್ಯವನ್ನು ನೆಮ್ಮದಿಯಿಂದ ನೋಡುತ್ತಿದ್ದಾನೆ. ನೂರಾರು ಆಕೃತಿಗಳ ಆ ಭಾರಿ ಯುದ್ಧದ ನಡುವೆ ಸೋಲುತ್ತಿರುವ ಒಬ್ಬ ಮನುಷ್ಯನ ಕಂಗಾಲನ್ನು ಒಂದೇ ಬೆರಳಿನಲ್ಲಿ ತೋರಿಸಿದ ಚಿತ್ರಗಾರ ಲಹರಿಯನ್ನು ಬಲ್ಲವನು. ರಾಜಾಜ್ಞೆಯ ಕೆಲಸವನ್ನು ಮಾಡುತ್ತಲೇ ಅವನು ತನ್ನ ನಗುವಿಗೂ ಒಂದಿಷ್ಟು ಜಾಗ ಮಾಡಿಕೊಂಡಿದ್ದಾನೆ. ಮುಂದೆ ಆರ್ಥರ್ ವೆಲ್ಲೆಸ್ಲಿಯ ಕಾಲದಲ್ಲೊಮ್ಮೆ, ಡಾಲ್‌ಹೌಸಿಯ ಕಾಲದಲ್ಲೊಮ್ಮೆ ಆ ಗೋಡೆಗಳಿಗೆ ದುರಸ್ತಿಯಾಯಿತು. ಕಟ್ಟಿಸಿದ ದೊರೆ, ಸೋತ ಕರ್ನಲ್, ದುರಸ್ತಿ ಮಾಡಿಸಿದ ಅಧಿಕಾರಿ ಎಲ್ಲರ ಹೆಸರೂ ಚರಿತ್ರೆಯಲ್ಲಿ ಉಳಿದವು. ಆ ಬೆರಳನ್ನು ಬರೆದವನ ಹೆಸರು ಉಳಿಯಲಿಲ್ಲ.

ಹೆಸರು ಹಾಕುವ ರೂಢಿಯೇ ನಮ್ಮಲ್ಲಿ ಇರಲಿಲ್ಲವೆಂದು ಯಾರಾದರೂ ಹೇಳಿದರೆ ಅವರನ್ನು ಸೋಮನಾಥಪುರಕ್ಕೆ ಕರೆದುಕೊಂಡು ಹೋಗಬೇಕು. 1258ರ ಆ ಕೇಶವ ದೇವಾಲಯದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ತಾನು ಕಡೆದ ಮೂರ್ತಿಗಳ ಪೀಠದ ಮೇಲೆ ತನ್ನ ಹೆಸರನ್ನು ಮತ್ತೆ ಮತ್ತೆ ಕೊರೆದಿದ್ದಾನೆ. ಆ ಸ್ವಾಭಿಮಾನ ನಮ್ಮ ಪರಂಪರೆಯಲ್ಲೇ ಇದೆ.

ಅರಮನೆಯ ಗೋಡೆಯಿಂದ ಕೈಗೆ ಹಿಡಿಯುವ ಚಿತ್ರಕ್ಕೆ ಬಂದರೆ, ಈ ಊರಿನ ಅತ್ಯುತ್ತಮ ಉದಾಹರಣೆ ಗಂಜೀಫಾ ಎಂಬ, ಇಸ್ಪೀಟಿನಂಥ ಆಟದ ಎಲೆಗಳು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ವಿಷಯದಲ್ಲಿ ಅಪಾರ ಕುತೂಹಲವಿದ್ದ ದೊರೆ. ಅವರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಎಂಬ ಗ್ರಂಥದ ಒಂಬತ್ತು ನಿಧಿಗಳಲ್ಲಿ, ಅಂದರೆ ಭಾಗಗಳಲ್ಲಿ, ಕೊನೆಯದಾದ ಕೌತುಕನಿಧಿಯಲ್ಲಿ ಚದ ಎಂದು ಕರೆಯುವ ಎಲೆಯಾಟಗಳ ವಿವರವಿದೆ. ಸಾಮಾನ್ಯವಾಗಿ ಬಳಕೆಯಲ್ಲಿದ್ದ ದಶಾವತಾರದ ಕಟ್ಟಿನಲ್ಲಿ ಹತ್ತು ಅವತಾರಗಳಿಗೆ ಹನ್ನೆರಡರಂತೆ 120 ಎಲೆಗಳು. ಪ್ರತಿ ಅವತಾರಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಉಳಿದ ಹತ್ತು ಎಲೆಗಳ ಮೇಲೆ ಆ ಅವತಾರದ ಗುರುತು ಒಂದರಿಂದ ಹತ್ತರವರೆಗೆ. ಮುಮ್ಮಡಿಯವರ ಚಾಮುಂಡೇಶ್ವರಿ ಚದಕ್ಕೆ 320 ಎಲೆಗಳು ಬೇಕಾಗುತ್ತಿದ್ದವು.

ಆ ಎಲೆಗಳನ್ನು ಬರೆಯುವವನ ಕಷ್ಟವನ್ನು ಸ್ವಲ್ಪ ಊಹಿಸಿಕೊಳ್ಳಿ. ಕುಂಚದ ತುದಿ ಕೆಲವೇ ಕೂದಲಿನದು. ಎಲೆಯಾದರೋ ಕೈಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದು. ಮತ್ಸ್ಯಾವತಾರದ ಎಲೆಯಲ್ಲಿ ಹತ್ತು ಮೀನುಗಳನ್ನು ಬರೆಯಬೇಕು. ಆಟಗಾರ ಕಣ್ಣು ಹಾಯಿಸಿದ ಕೂಡಲೇ ಅವು ಹತ್ತು ಎಂದು ತಿಳಿಯಬೇಕು. ಅಷ್ಟಾಗಿಯೂ ಅವು ಬರಿಯ ಲೆಕ್ಕದ ಗುರುತುಗಳಾಗಿ ಉಳಿಯದೆ ಮೀನುಗಳಾಗಿ ಕಾಣಬೇಕು. ಒಳ್ಳೆಯ ಕೈಯಲ್ಲಿ ಆ ಮೀನುಗಳಿಗೆ ಒಂದೊಂದು ಬಳುಕು, ಆಮೆಗಳಿಗೆ ಒಂದೊಂದು ಗತ್ತು ಬಂದುಬಿಡುತ್ತದೆ. ಲಹರಿಯ ಚಿತ್ರವನ್ನು ಹಗುರವಾದ ಕೆಲಸವೆಂದು ತಿಳಿಯುವವರಿಗೆ ನಾನು ಈ ಎಲೆಗಳನ್ನು ತೋರಿಸಬಯಸುತ್ತೇನೆ. ನೋಡುವವರಿಗೆ ಹಗುರವೆನಿಸಬೇಕಾದರೆ ಬರೆಯುವವರು ಎಷ್ಟು ಭಾರ ಹೊರಬೇಕೆಂಬುದು ಅಲ್ಲಿ ಕಾಣುತ್ತದೆ.

ಗಂಜೀಫಾದಲ್ಲಿ ಎರಡು ಅಂತಸ್ತುಗಳಿದ್ದವು. ದಂತ, ಆಮೆಚಿಪ್ಪು, ಚಿನ್ನ ಮುಂತಾದ ಬೆಲೆಬಾಳುವ ಸಾಮಗ್ರಿಗಳಿಂದ ಶ್ರೀಮಂತರಿಗಾಗಿ ಮಾಡಿದ್ದು ದರ್ಬಾರ್ ಕಲಂ. ಬಟ್ಟೆ ಅಥವಾ ಕಾಗದದ ಪದರಗಳನ್ನು ಅಂಟಿಸಿ ಗಟ್ಟಿಮಾಡಿ, ಜನಸಾಮಾನ್ಯರ ಕೈಗೆಟುಕುವ ಬೆಲೆಗೆ ಮಾಡಿದ್ದು ಬಜಾರ್ ಕಲಂ. ಮ್ಯೂಸಿಯಂ ಸೇರಿದ್ದು ಹೆಚ್ಚಾಗಿ ಮೊದಲನೆಯದು. ಎರಡನೆಯದು ಆಟವಾಡಿ ಸವೆದು ಹೋಯಿತು, ಅದು ಸಹಜವೂ ಹೌದು. ಈ ದಿನ ನಾನು ಯಾರ ಪರವಾಗಿ ಮಾತನಾಡುತ್ತಿದ್ದೇನೋ ಆ ಕಲಾವಿದರೆಲ್ಲ ಬಜಾರ್ ಕಲಮ್ಮಿನ ವಾರಸುದಾರರು. ಗ್ರೀಟಿಂಗ್ ಕಾರ್ಡು, ಸ್ಟಿಕ್ಕರು, ಪುಸ್ತಕದ ಗುರುತುಪಟ್ಟಿ, ಕ್ಯಾಲೆಂಡರು, ಕೈಯಿಂದ ಹೊಲಿದ ಪುಟ್ಟ ಪುಸ್ತಕ, ಬಣ್ಣ ಬಳಿದ ಮಣ್ಣಿನ ಅಂಗಿಗುಂಡಿ, ಇವೇ ಅವರ ಮಾಧ್ಯಮಗಳು. ಬಳಸಿ ಸವೆಯುವ ವಸ್ತುವಿನ ಮೇಲೆ ಇಷ್ಟೊಂದು ಪ್ರೀತಿಯನ್ನು ಖರ್ಚು ಮಾಡುವುದು ಕಲೆಯ ಕೀಳು ದರ್ಜೆಯೆಂದು ನಾನು ಎಂದೂ ಒಪ್ಪಿಲ್ಲ.

ಇಲ್ಲಿ ಆರ್. ಕೆ. ಲಕ್ಷ್ಮಣರನ್ನು ನೆನೆಯದೆ ಮುಂದೆ ಹೋಗಲಾಗದು. 1921ರಲ್ಲಿ ಇದೇ ಮೈಸೂರಿನಲ್ಲಿ ಹುಟ್ಟಿದ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ ಅಲ್ಲಿ ಪ್ರವೇಶ ಸಿಗಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಓದುತ್ತಲೇ ಅವರು ಅಣ್ಣ ಆರ್. ಕೆ. ನಾರಾಯಣರ ಕತೆಗಳಿಗೆ ಚಿತ್ರ ಬರೆದರು. 1942ರಲ್ಲಿ ರಾಶಿಯವರು, ಅಂದರೆ ಡಾಕ್ಟರ್ ಎಂ. ಶಿವರಾಂ ಅವರು, ಆರಂಭಿಸಿದ ಕೊರವಂಜಿ ಎಂಬ ಹಾಸ್ಯಪತ್ರಿಕೆಯ ಪುಟಗಳಲ್ಲಿಯೂ ಅವರ ವ್ಯಂಗ್ಯಚಿತ್ರಗಳು ಬಂದವು. ರಾಜಕೀಯದ ಚಿತ್ರಗಳಿಂದ ಅವರು ಲೋಕಪ್ರಸಿದ್ಧರಾದರೂ ಬಾಲ್ಯದಿಂದ ಕೊನೆಯವರೆಗೂ ಬಿಡದೆ ಬರೆದದ್ದು ಕಾಗೆಗಳನ್ನು. ನಾವೆಲ್ಲ ಓಡಿಸುವ ಹಕ್ಕಿಯಲ್ಲಿ ಅವರು ಬುದ್ಧಿ, ಸಂಶಯ, ಠೀವಿ ಎಲ್ಲವನ್ನೂ ಕಂಡರು. ಲಹರಿಯೆಂದರೆ ಇಲ್ಲದ್ದನ್ನು ಕಲ್ಪಿಸುವುದೆಂದು ಹಲವರು ಭಾವಿಸಿದ್ದಾರೆ. ಆ ಕಾಗೆಗಳನ್ನು ನೋಡಿದರೆ, ಎದುರಿಗಿರುವುದನ್ನು ಬೇರೆಯವರಿಗಿಂತ ಹೆಚ್ಚು ಹೊತ್ತು ನೋಡಿದವರಿಗೆ ಮಾತ್ರ ಲಹರಿ ಒಲಿಯುತ್ತದೆ ಎಂದು ನನಗೆ ಅನಿಸುತ್ತದೆ.

ಇನ್ನು ಈ ಕಾಲಕ್ಕೆ ಬರುತ್ತೇನೆ. ದಸರೆಯ ದಿನಗಳಲ್ಲಿ, ರಸ್ತೆಯ ಬದಿಯ ಮೇಜೊಂದರ ಮೇಲೆ ನಾನು ಕಂಡ ಒಂದು ಚಿತ್ರವನ್ನು ವಿವರಿಸಲು ಅನುಮತಿ ಕೊಡಿ. ಅಳತೆಯಲ್ಲಿ ಅದು ಶಾಲೆಯ ನೋಟ್‌ಬುಕ್ಕಿನ ಅರ್ಧ ಹಾಳೆಯಷ್ಟಿತ್ತು. ದೇವರಾಜ ಮಾರುಕಟ್ಟೆಯ ಬಾಳೆಹಣ್ಣಿನ ಅಂಗಡಿ. ತಕ್ಕಡಿಯ ಒಂದು ತಟ್ಟೆಯಲ್ಲಿ ನಂಜನಗೂಡು ರಸಬಾಳೆಯ ಚಿಪ್ಪು; ಇನ್ನೊಂದು ತಟ್ಟೆಯಲ್ಲಿ ತೂಕದ ಬೊಟ್ಟಿನ ಬದಲು ಸುರುಳಿ ಸುತ್ತಿ ಮಲಗಿದ ಬಿಳಿ ಬೆಕ್ಕು. ಬೆಕ್ಕಿನ ತಟ್ಟೆ ಕೆಳಗೆ ಇಳಿದಿದೆ. ವ್ಯಾಪಾರಿ ಅದನ್ನು ಎಬ್ಬಿಸುವ ಮನಸ್ಸಿಲ್ಲದೆ, ತೂಕ ಸರಿಹೋಗಲೆಂದು ಎದುರಿನ ತಟ್ಟೆಗೆ ಇನ್ನೊಂದು ಚಿಪ್ಪು ಇಡುತ್ತಿದ್ದಾನೆ. ಗಿರಾಕಿಯಾದ ಅಜ್ಜಿ ಏನೂ ಕಾಣದವಳಂತೆ ಚೀಲ ಬಿಚ್ಚಿ ನಿಂತಿದ್ದಾಳೆ.

ಮೊದಲ ನೋಟಕ್ಕೆ ನಗು ಬಂತು. ಆಮೇಲೆ ಹತ್ತಿರದಿಂದ ನೋಡಿದೆ. ಗೆರೆಗಳು ಮಸಿಯಲ್ಲಿ ಅದ್ದಿ ಬರೆಯುವ ನಿಬ್ಬಿನವು. ಒತ್ತಿದಲ್ಲಿ ದಪ್ಪ, ಬಿಟ್ಟಲ್ಲಿ ಸಣ್ಣ. ಬೆಕ್ಕಿಗೆ ಬಿಳಿ ಬಣ್ಣವನ್ನೇ ಬಳಿದಿರಲಿಲ್ಲ. ಸುತ್ತಲೂ ಜಲವರ್ಣ ಹಾಯಿಸಿ, ಕಾಗದದ ಬಿಳುಪನ್ನೇ ಬೆಕ್ಕಾಗಿ ಉಳಿಸಿದ್ದರು. ತಟ್ಟೆಯ ಪಕ್ಕದಲ್ಲಿ ಬಣ್ಣ ನಿಂತು ಒಣಗಿ ಅಂಚು ಗಾಢವಾಗಿತ್ತು. ಬಾಲದ ಹತ್ತಿರ ಪೆನ್ಸಿಲಿನ ಮಸುಕಾದ ಗೆರೆಯೊಂದು ಉಳಿದಿತ್ತು. ಮೊದಲು ಬಾಲವನ್ನು ಮೇಲೆತ್ತಿ ಬರೆದು, ಆಮೇಲೆ ಮನಸ್ಸು ಬದಲಿಸಿ ತಟ್ಟೆಯಿಂದ ಕೆಳಗೆ ಜೋತುಬಿಟ್ಟಿದ್ದರು. ಆ ನಿರ್ಧಾರವೇ ಚಿತ್ರದ ಜೀವ. ಬಾಲ ಮೇಲಿದ್ದರೆ ಬೆಕ್ಕು ಎಚ್ಚರವಾಗಿದೆ ಎಂದಾಗುತ್ತಿತ್ತು; ಜೋತುಬಿದ್ದದ್ದರಿಂದ ಅದರ ನಿದ್ದೆಯೂ ಭಾರವೂ ಒಟ್ಟಿಗೆ ನಮಗೆ ತಿಳಿಯುತ್ತವೆ. ಇದನ್ನು ಬರೆದ ಯುವತಿಯನ್ನು ಕೇಳಿದಾಗ, ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ಕೂತು ಬರೆದ ಸ್ಕೆಚ್ ಪುಸ್ತಕವನ್ನೇ ತೆಗೆದು ತೋರಿಸಿದರು. ಪುಟ ಪುಟವೂ ತಕ್ಕಡಿಗಳು, ಕೈಗಳು, ಚಿಪ್ಪುಗಳು. ಹಾಸ್ಯ ಹೊಳೆಯುವುದಕ್ಕೆ ಮುಂಚೆ ಅಷ್ಟು ದುಡಿಮೆ ನಡೆದಿತ್ತು.

ಇಂಥವರನ್ನು ಎಲ್ಲಿ ಹುಡುಕಬೇಕು? ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ನಮ್ಮ ಕಾವಾ, ವಿದ್ಯಾರ್ಥಿಗಳ ಪ್ರದರ್ಶನ ಏರ್ಪಡಿಸಿದಾಗ ತಪ್ಪದೆ ಹೋಗಿ. ದೊಡ್ಡ ಕ್ಯಾನ್ವಾಸುಗಳನ್ನು ನೋಡಿದ ಮೇಲೆ ಮೂಲೆಯಲ್ಲಿರುವ ಅಚ್ಚುಚಿತ್ರಗಳನ್ನೂ ನೋಡಿ, ಅಲ್ಲಿಯೇ ನಿಂತಿರುವ ವಿದ್ಯಾರ್ಥಿಯನ್ನು ಮಾತನಾಡಿಸಿ. ಕಲಾಮಂದಿರದ ಆವರಣದ ಸುಚಿತ್ರ ಗ್ಯಾಲರಿ, ರಂಗಾಯಣದ ಬಹುರೂಪಿ ನಾಟಕೋತ್ಸವದ ವೇಳೆ ಅಲ್ಲಿ ತೆರೆಯುವ ಕರಕುಶಲ ಮಳಿಗೆಗಳು, ಹೆಬ್ಬಾಳಿನ ಅರ್ಬನ್ ಹಾತ್‌ನ ಮೇಳಗಳು, ಎಲ್ಲವೂ ನಮಗೆ ಹತ್ತಿರದಲ್ಲಿವೆ. ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ನವರಾತ್ರಿಗೆ ಏರ್ಪಡಿಸುವ ಬೊಂಬೆ ಮನೆಯಲ್ಲಿ ಗೊಂಬೆಗಳನ್ನೂ, ಕ್ರೀಡಾ ಕೌಶಲ್ಯ ಪ್ರದರ್ಶನದಲ್ಲಿ ಕೈಯಿಂದ ಮಾಡಿದ ಚೌಕಾಬಾರ, ಪಗಡೆಯ ಹಾಸುಗಳನ್ನೂ ನೋಡಬಹುದು. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ ಬೆಳಗಿನ ರೈಲಿನಲ್ಲಿ ಹೋಗಿ ಸಂಜೆ ಮರಳಬಹುದು. ಅಲ್ಲಿ ಮುಖ್ಯರಸ್ತೆಯ ದೊಡ್ಡ ಚಿತ್ರಗಳಿಗಿಂತ, ಫುಟ್‌ಪಾತಿನ ಅಂಚಿನಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಕಾರ್ಡುಗಳನ್ನು ಜೋಡಿಸಿಟ್ಟುಕೊಂಡು ಕೂತವರ ಬಳಿ ನನ್ನ ಸಮಯ ಹೆಚ್ಚು ಕಳೆಯುತ್ತದೆ.

ಮೊಬೈಲಿನಲ್ಲಿ ಹುಡುಕುವ ಕ್ರಮದ ಬಗ್ಗೆ ಒಂದೇ ಮಾತು. ಇನ್‌ಸ್ಟಾಗ್ರಾಂ ತಾನಾಗಿ ತೋರಿಸುವುದು ಈಗಾಗಲೇ ಹೆಚ್ಚು ಜನ ನೋಡಿದ್ದನ್ನು. ಹೊಸ ಕಲಾವಿದರು ಅಲ್ಲಿ ಸುಲಭವಾಗಿ ಮೇಲೆ ಬರುವುದಿಲ್ಲ. ನಿಮಗೆ ಮೆಚ್ಚುಗೆಯಾದ ಒಬ್ಬ ಕಲಾವಿದರ ಪುಟಕ್ಕೆ ಹೋಗಿ ಅವರು ಯಾರ ಕೆಲಸವನ್ನು ಹಿಂಬಾಲಿಸುತ್ತಾರೆಂದು ನೋಡಿ. ಒಬ್ಬ ಕಲಾವಿದರ ರುಚಿ ನಿಮ್ಮನ್ನು ಇನ್ನೊಬ್ಬರ ಮನೆಯ ಬಾಗಿಲಿಗೆ ತಂದು ಬಿಡುತ್ತದೆ.

ಸ್ವಂತವಾಗಿ ಅಚ್ಚು ಹಾಕಿಸಿ ಮಾರುವುದನ್ನು ಪ್ರಕಾಶಕರು ಸಿಗದವರ ಪಾಡೆಂದು ನೋಡುವವರು ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಅವರನ್ನು ನೆನೆಯಬೇಕು. ಕೋಟು ತೊಟ್ಟ ಮೊಲದ ಅವರ ಕತೆಯನ್ನು ಪ್ರಕಾಶಕರು ಒಪ್ಪದಿದ್ದಾಗ, 1901ರಲ್ಲಿ ಅವರು ತಮ್ಮ ಖರ್ಚಿನಲ್ಲೇ 250 ಪ್ರತಿಗಳನ್ನು ಅಚ್ಚು ಹಾಕಿಸಿ ಹಂಚಿದರು. ಮರುವರ್ಷ ಪ್ರಕಾಶನ ಸಂಸ್ಥೆಯೊಂದು ಅದನ್ನು ಬಣ್ಣದಲ್ಲಿ ಪ್ರಕಟಿಸಿತು.

ಕೊಳ್ಳುವ ಮುಂಚೆ ಏನನ್ನು ಕೊಳ್ಳುತ್ತಿದ್ದೇವೆಂದು ತಿಳಿದಿರಬೇಕು. ಮೂಲಚಿತ್ರ ಒಂದೇ ಇರುತ್ತದೆ. ಲಿನೋ ಅಚ್ಚು ಕೂಡ ಕೈಕೆಲಸವೇ. ಲಿನೋಲಿಯಂ ಹಾಳೆಯ ಮೇಲೆ ಚಿತ್ರವನ್ನು ತಿರುವುಮುರುವಾಗಿ ಬರೆದು, ಬಿಳಿಯಾಗಿ ಉಳಿಯಬೇಕಾದ ಭಾಗವನ್ನೆಲ್ಲ ಕೆತ್ತಿ ತೆಗೆದು, ಉಳಿದ ಮೈಗೆ ಮಸಿ ಸವರಿ ಕಾಗದವನ್ನು ಒತ್ತಬೇಕು. ಚಿತ್ರದೊಳಗೆ ಕನ್ನಡ ಅಕ್ಷರವಿದ್ದರೆ, ಒತ್ತಿನ ಒಳತಿರುವು, ದೀರ್ಘದ ಕೊಂಕು ಸಹಿತ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಕೆತ್ತಬೇಕಾಗುತ್ತದೆ. ಇಂಥ ಅಚ್ಚಿನ ಕೆಳಗೆ ಪೆನ್ಸಿಲಿನಲ್ಲಿ 7/50 ಎಂದಿದ್ದರೆ, ಐವತ್ತೇ ಪ್ರತಿಗಳಲ್ಲಿ ಇದು ಏಳನೆಯದು ಎಂದರ್ಥ. ರಿಸೋಗ್ರಾಫ್ ಎಂಬ ಜಪಾನಿನ ಯಂತ್ರದಲ್ಲಿ ಒಂದೊಂದೇ ಬಣ್ಣವನ್ನು ಬೇರೆ ಬೇರೆ ಸಲ ಹಾಯಿಸುವುದರಿಂದ ಬಣ್ಣಗಳು ಕೂದಲೆಳೆಯಷ್ಟು ಜರುಗಿರುತ್ತವೆ. ಅದು ದೋಷವೆಂದು ಹಿಂತಿರುಗಿಸಬೇಡಿ. ಮೂಲಚಿತ್ರವನ್ನು ಸ್ಕ್ಯಾನ್ ಮಾಡಿ ತೆಗೆದ ಡಿಜಿಟಲ್ ಪ್ರತಿಗಳೂ ಗೌರವದ ವಸ್ತುಗಳೇ. ಅವು ಪ್ರತಿಗಳೆಂದು ಹೇಳಿ ಮಾರಬೇಕು, ಅಷ್ಟೆ.

ಯಂತ್ರಕ್ಕೆ ನಾಲ್ಕು ಮಾತು ಹೇಳಿ ಬರೆಸಿದ ಚಿತ್ರಗಳನ್ನು ಕೈಚಿತ್ರವೆಂದು ಮಾರುವುದು ಈಗ ನಡೆಯುತ್ತಿದೆ. ಚಿತ್ರದೊಳಗಿನ ಅಂಗಡಿಯ ಬೋರ್ಡಿನಲ್ಲಿ ಕನ್ನಡದಂತೆ ಕಾಣುವ, ಆದರೆ ಓದಲಾಗದ ಅಕ್ಷರಗಳಿದ್ದರೆ ಅನುಮಾನಪಡಬೇಕು. ಅದಕ್ಕಿಂತ ನಂಬಿಕೆಯ ದಾರಿ ಎಂದರೆ ಕೇಳುವುದು. ಇದರ ಮೊದಲ ಸ್ಕೆಚ್ ಇದೆಯೇ, ಯಾವ ಕಾಗದ, ಎಲ್ಲಿ ಕಷ್ಟವಾಯಿತು ಎಂದು ಕೇಳಿ. ಕೈಯಿಂದ ಬರೆದವರು ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರಿಸುತ್ತಾರೆ, ನೀವು ಸಾಕೆನ್ನುವವರೆಗೂ.

ಬೆಲೆಯ ವಿಷಯದಲ್ಲಿ ನನಗೆ ಬೇಸರವಿದೆ. ಹೋಟೆಲಿನ ಬಿಲ್ಲಿಗೆ ಮರುಮಾತಾಡದೆ ಹಣ ಕೊಡುವ ನಾವು, ಎರಡು ದಿನ ಕೂತು ಬರೆದ ಚಿತ್ರದ ಮುಂದೆ ನಿಂತು ಇಷ್ಟು ಚಿಕ್ಕದಕ್ಕೆ ಇಷ್ಟೇಕೆ ಎಂದು ಕೇಳುತ್ತೇವೆ. ಅಳತೆ ನೋಡಿ ಬೆಲೆ ಕಟ್ಟುವುದು ನೆಲಹಾಸಿಗೆ ಸರಿ. ಕಾಗದ, ಬಣ್ಣ, ಅಚ್ಚಿನ ಖರ್ಚು, ಮಳಿಗೆಯ ಬಾಡಿಗೆ, ಮಾರಾಟವಾಗದೆ ಉಳಿದ ಪ್ರತಿಗಳು, ಇಷ್ಟನ್ನೂ ಕಳೆದ ಮೇಲೆ ಉಳಿಯುವುದು ಅವರ ಕೂಲಿ. ಕೊಳ್ಳಲಾಗದಿದ್ದರೆ ಕೊಳ್ಳಬೇಡಿ, ಮೆಚ್ಚಿ ಎರಡು ಮಾತನಾಡಿ ಹೋದರೂ ಅವರಿಗೆ ಸಂತೋಷವೇ. ಚೌಕಾಸಿ ಮಾತ್ರ ಬೇಡ.

ಕೊಂಡ ಮೇಲೂ ಕೆಲವು ಹಕ್ಕುಗಳು ಕಲಾವಿದರಲ್ಲೇ ಉಳಿಯುತ್ತವೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರದ ಕಾಗದ ನಮ್ಮದಾದ ಮಾತ್ರಕ್ಕೆ ಅದನ್ನು ನಕಲು ಮಾಡುವ ಹಕ್ಕು ನಮ್ಮದಾಗುವುದಿಲ್ಲ; ಆ ಹಕ್ಕು ಕಲಾವಿದರ ಜೀವಿತಾವಧಿಗೂ ಅನಂತರದ 60 ವರ್ಷಗಳಿಗೂ ಇರುತ್ತದೆ. ಇದು ತನ್ನ ಕೃತಿಯೆಂದು ಹೇಳಿಕೊಳ್ಳುವ ಹಕ್ಕನ್ನು ಅದೇ ಕಾಯಿದೆಯ 57ನೇ ಪ್ರಕರಣ ಪ್ರತ್ಯೇಕವಾಗಿ ಕಾಪಾಡಿದೆ. ಯುಗಾದಿ ಬಂದಾಗ ವಾಟ್ಸ್ಆ್ಯಪಿನಲ್ಲಿ ಹರಿದಾಡುವ ಚಂದದ ಬೇವುಬೆಲ್ಲದ ಚಿತ್ರಗಳಲ್ಲಿ ಎಷ್ಟರ ಮೂಲೆಯಿಂದ ಕಲಾವಿದರ ಸಹಿ ಕತ್ತರಿಸಿ ಹೋಗಿರುತ್ತದೆಂದು ಗಮನಿಸಿ. ಕತ್ತರಿಸಿದವರಿಗೆ ಕೆಟ್ಟ ಉದ್ದೇಶ ಇದ್ದಿರಲಾರದು. ಚಿತ್ರ ಚೊಕ್ಕವಾಗಿ ಕಾಣಲೆಂದು ಮಾಡಿರುತ್ತಾರೆ. ಪರಿಣಾಮ ಮಾತ್ರ ದರಿಯಾ ದೌಲತ್ತಿನ ಗೋಡೆಯದೇ.

ಮಾತಿನ ಕೊನೆಗೆ ಸಭಿಕರೊಬ್ಬರು, ಕಾಲೇಜಿನಲ್ಲಿ ಓದುವ ಹುಡುಗಿ, ತನ್ನ ಬಳಿ ಇನ್ನೂರು ರೂಪಾಯಿ ಮಾತ್ರ ಇದ್ದರೆ ಎಲ್ಲಿಂದ ಆರಂಭಿಸಬೇಕೆಂದು ಕೇಳಿದರು. ನಾನು ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ಒಂದು ಕಾರ್ಡು ಅಥವಾ ಒಂದು ಪುಟ್ಟ ಅಚ್ಚನ್ನು ಕೊಂಡುಕೊಳ್ಳಿ. ಚೌಕಟ್ಟು ಹಾಕಿಸುವುದಾದರೆ ಚಿತ್ರ ಗಾಜಿಗೆ ತಾಗದಂತೆ ನಡುವೆ ರಟ್ಟಿನ ಅಂಚು ಇಡಿಸಿ; ಆಮ್ಲವಿಲ್ಲದ ರಟ್ಟು ಸಿಕ್ಕರೆ ಕಾಗದ ಬೇಗ ಹಳದಿಯಾಗುವುದಿಲ್ಲ. ನೇರ ಬಿಸಿಲು ಬೀಳುವ ಗೋಡೆ ಬೇಡ, ಜಲವರ್ಣ ಮಾಸಿಹೋಗುತ್ತದೆ. ಮಳೆಗಾಲದಲ್ಲಿ ತೇವ ಏರುವ ಗೋಡೆಯೂ ಬೇಡ. ಚೌಕಟ್ಟಿಗೆ ಕೊಡುವ ಮುಂಚೆ ಚಿತ್ರದ ಹಿಂಬದಿಯ ಅಂಚಿನಲ್ಲಿ ಮೃದುವಾದ ಪೆನ್ಸಿಲಿನಿಂದ, ಒತ್ತದೆ, ಬರೆದವರ ಹೆಸರು, ಊರು, ಕೊಂಡ ವರ್ಷ ಇಷ್ಟನ್ನು ಗುರುತು ಹಾಕಿ. ಪೆನ್ನು ಬಳಸಬೇಡಿ, ಮಸಿ ಮುಂಬದಿಗೆ ಇಳಿಯುತ್ತದೆ.